ಗ್ರಾಫಿಕ್ಸ್ ಕಾರ್ಡ್ ಆಮೇಲೆ ಬದಲಾಯಿಸಬಹುದು ಅಂತ ಹೇಳಿ ಮಾರಬೇಡಿ

ಸಂಪಾದಕರಿಗೆ ನಮಸ್ಕಾರ,

ಸಿಇಟಿ ಸೀಟು ಹಂಚಿಕೆ ಶುರುವಾಗುತ್ತಿದ್ದ ಹಾಗೇ ಪತ್ರಿಕೆ ತುಂಬ ಲ್ಯಾಪ್‌ಟಾಪ್ ಜಾಹೀರಾತು. ಅವನ್ನು ನೋಡಿದಾಗೆಲ್ಲ ನನಗೆ ಒಂದು ಮಾತು ನೆನಪಾಗಿ ಹೊಟ್ಟೆ ಉರಿಯುತ್ತದೆ. ‘ಈಗ ಇದನ್ನೇ ತಗೊಳ್ಳಿ ಸರ್, ಮುಂದೆ ಬೇಕಾದ್ರೆ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸ್ಕೋಬಹುದು.’

2022ರಲ್ಲಿ ಮಗನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಲು ಹೋದಾಗ ಅಂಗಡಿಯಲ್ಲಿ ಕೇಳಿದ ಮಾತಿದು. ಅದರಲ್ಲಿ ಇದ್ದದ್ದು ಆರ್‌ಟಿಎಕ್ಸ್ 3050 ಅನ್ನುವ ಗ್ರಾಫಿಕ್ಸ್, ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ, 4 ಜಿಬಿ ಗ್ರಾಫಿಕ್ಸ್ ಮೆಮೊರಿ. ಅದರ ಮೇಲಿನ ಮಾಡೆಲ್ ನಮ್ಮ ಕೈಗೆ ಎಟುಕುವಂತಿರಲಿಲ್ಲ, ಅದಕ್ಕೇ ಆ ಮಾತು ಕಿವಿಗೆ ಹಿತವಾಗಿತ್ತು. ಓದಿಗೆ ಅಂತ ಹೇಳಿ ಕೊಡಿಸಿಕೊಂಡ, ಆಟಕ್ಕೂ ಬಳಸುತ್ತಾನೆ ಅನ್ನೋದು ನನಗೆ ಗೊತ್ತಿಲ್ಲದ ವಿಷಯವೇನಲ್ಲ ಬಿಡಿ. ಎರಡು ವರ್ಷ ಕಳೆಯಿತು. ಬ್ಲೆಂಡರ್ ಅನ್ನುವ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್‌ನಲ್ಲಿ ಸ್ವಲ್ಪ ದೊಡ್ಡ ದೃಶ್ಯ ರೆಂಡರ್ ಮಾಡಲು, ಅಂದರೆ ಪೂರ್ತಿ ಚಿತ್ರವಾಗಿ ಮೂಡಿಸಲು ಹೋದರೆ ಮೆಮೊರಿ ಸಾಲದು ಅಂತ ನಿಂತೇ ಹೋಗುತ್ತಿತ್ತು. ‘ಅಪ್ಪಾ, ಕಾರ್ಡ್ ಬದಲಾಯಿಸೋಣ’ ಅಂದ. ಸರಿ ಅಂತ ದುಡ್ಡು ಹೊಂದಿಸಿಕೊಂಡು, ಒಂದು ಶನಿವಾರ ಹಾಸನದಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆವು.

ಅಲ್ಲಿ ರಿಪೇರಿ ಮಾಡುವ ಹುಡುಗ ಲ್ಯಾಪ್‌ಟಾಪ್ ಮಗುಚಿ, ಸ್ಕ್ರೂ ಬಿಚ್ಚಿ, ಫ್ಯಾನು ಮತ್ತು ತಾಮ್ರದ ಕೊಳವೆಗಳನ್ನು ಎತ್ತಿ ತೋರಿಸಿದ. ಒಳಗೆ ಇದ್ದದ್ದು ಒಂದೇ ಬೋರ್ಡು. ಒಂದು ಕಡೆ ಪ್ರೊಸೆಸರ್, ಪಕ್ಕದಲ್ಲಿ ಇನ್ನೊಂದು ಚಿಪ್, ಅದರ ಸುತ್ತ ಕಪ್ಪು ಬಿಲ್ಲೆಗಳ ಹಾಗೆ ಮೆಮೊರಿ. ಕಾರ್ಡ್ ಎಲ್ಲಿದೆ ಅಂತ ಕೇಳಿದೆ. ‘ಕಾರ್ಡೇ ಇಲ್ಲ ಸರ್’ ಅಂದ.

ನನಗೆ ಆಗ ಹೊಳೆದದ್ದು ಇಷ್ಟು. ಡೆಸ್ಕ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಅಂದರೆ ನಿಜವಾಗಲೂ ಒಂದು ಕಾರ್ಡು. ಸ್ಲಾಟಿನಿಂದ ಕಿತ್ತು ಬೇರೆಯದು ಸಿಕ್ಕಿಸಬಹುದು. ಇವತ್ತು ಮಾರುವ ಹೆಚ್ಚುಕಡಿಮೆ ಎಲ್ಲ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಅದು ಬರೀ ಹೆಸರಿಗೆ ಕಾರ್ಡು. ಚಿಪ್ಪಿನ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಸಾಲ್ಡರ್ ಗುಂಡುಗಳು ನೂರಾರು ಇರುತ್ತವೆ, ಅವುಗಳಿಂದ ಅದು ಬೋರ್ಡಿಗೇ ಅಂಟಿಕೊಂಡಿರುತ್ತದೆ. ಬಿಸಿಗಾಳಿ ಹಾಯಿಸಿ ಎಬ್ಬಿಸುವ ಪರಿಣತರಿದ್ದಾರೆ, ಕೆಟ್ಟ ಚಿಪ್ಪಿನ ಜಾಗಕ್ಕೆ ಅದೇ ಚಿಪ್ ಕೂರಿಸುತ್ತಾರೆ ಕೂಡ. ಆದರೆ ಅಲ್ಲಿಗೆ ದೊಡ್ಡ ಚಿಪ್ ತಂದು ಕೂರಿಸಿದರೆ ಅದಕ್ಕೆ ಬೇಕಾದ ಕರೆಂಟು ಕೊಡುವ ಸರ್ಕ್ಯೂಟ್ ಬೋರ್ಡಿನಲ್ಲಿ ಇರಲ್ಲ, ಲ್ಯಾಪ್‌ಟಾಪ್ ಶುರುವಾಗುವಾಗ ಭಾಗಗಳನ್ನು ಪತ್ತೆಹಚ್ಚುವ ಬಯೋಸ್ ಅನ್ನುವ ಸಾಫ್ಟ್‌ವೇರ್ ಅದನ್ನು ಗುರುತಿಸಲ್ಲ, ಶಾಖ ಎಳೆಯುವ ಕೊಳವೆ ಸಾಲಲ್ಲ, ಕೊನೆಗೆ ಚಾರ್ಜರ್ ಕೂಡ ಸಾಲಲ್ಲ. ಅದೇ ಕಂಪನಿಯ ಮೇಲಿನ ಮಾಡೆಲ್‌ನ ಇಡೀ ಬೋರ್ಡು ಹಾಕಿಸಬಹುದಾ ಅಂತಲೂ ಕೇಳಿದೆ. ಅವನು ಹೇಳಿದ ಲೆಕ್ಕಕ್ಕೆ ಹೊಸ ಲ್ಯಾಪ್‌ಟಾಪೇ ವಾಸಿ ಅನ್ನಿಸಿತು.

ಹಿಂದೆ ಹೀಗಿರಲಿಲ್ಲ ಅನ್ನುವವರಿದ್ದಾರೆ, ಅದೂ ನಿಜವೇ. 2004ರ ಸುಮಾರಿಗೆ ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿ ಎಮ್‌ಎಕ್ಸ್‌ಎಮ್ ಅನ್ನುವ ಬಿಡಿ ಕಾರ್ಡಿನ ಅಳತೆ ತಂದಿತ್ತು. ದಪ್ಪ ದಪ್ಪ ಲ್ಯಾಪ್‌ಟಾಪ್‌ಗಳಲ್ಲಿ ಅದು ಬಹಳ ಕಾಲ ಇತ್ತು. ಆಮೇಲೆ ಎಲ್ಲರಿಗೂ ತೆಳುವಾದದ್ದೇ ಬೇಕಾಯಿತು, ನಮಗೂ ಬೇಕಾಯಿತು, ಸುಮ್ನೆ ಕಂಪನಿಯವರನ್ನಷ್ಟೇ ಬೈಯುವ ಹಾಗಿಲ್ಲ. 2019ರಲ್ಲಿ ಡೆಲ್ ಕಂಪನಿ ಏಲಿಯನ್‌ವೇರ್ ಏರಿಯಾ-51ಎಮ್ ಅನ್ನುವ ಲ್ಯಾಪ್‌ಟಾಪ್ ತಂದು, ಇದರ ಗ್ರಾಫಿಕ್ಸ್ ಬದಲಾಯಿಸಬಹುದು ಅಂತ ಪ್ರಚಾರ ಮಾಡಿತು. ಮುಂದೆ ಬಂದ ಹೊಸ ಚಿಪ್ ಅದಕ್ಕೆ ಹಾಕಲಾಗುತ್ತಿಲ್ಲ ಅಂತ 2021ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೇಸೂ ದಾಖಲಾಯಿತು. ಇನ್ನೊಂದು ಕಡೆ ಬಿಡಿಭಾಗ ಬದಲಾಯಿಸಲು ಬರುವಂತೆ ಮಾಡಿದ ಫ್ರೇಮ್‌ವರ್ಕ್ 16 ಅನ್ನುವ ಲ್ಯಾಪ್‌ಟಾಪ್ ಇದೆ. 2024ರಲ್ಲಿ ಜನರ ಕೈಸೇರಿದಾಗ ಅದಕ್ಕೆ ರೇಡಿಯಾನ್ ಆರ್‌ಎಕ್ಸ್ 7700ಎಸ್ ಅನ್ನುವ ಗ್ರಾಫಿಕ್ಸ್ ಹಾಕಬಹುದಿತ್ತು. 2025ರಲ್ಲಿ ಅದೇ ಲ್ಯಾಪ್‌ಟಾಪಿನ ಹಿಂಬದಿಗೆ ಕೂರುವ ಆರ್‌ಟಿಎಕ್ಸ್ 5070 ಘೋಷಿಸಿದರು. ಅಂದರೆ ಮಾಡಲು ಬರುತ್ತದೆ, ಮನಸ್ಸು ಮಾಡಿದವರು ಕಡಿಮೆ.

ಹೊರಗಿನಿಂದ ಡಬ್ಬ ಇಟ್ಟು ಕಾರ್ಡ್ ಸೇರಿಸಬಹುದಲ್ವಾ ಅಂತ ಮಗನ ಗೆಳೆಯ ಹೇಳಿದ. ಸೇರಿಸಬಹುದು, ಲ್ಯಾಪ್‌ಟಾಪಿನಲ್ಲಿ ಥಂಡರ್‌ಬೋಲ್ಟ್‌ನಂಥ ವೇಗದ ಕನೆಕ್ಷನ್ ಕಿಂಡಿ ಇದ್ದರೆ. ನಮ್ಮದರಲ್ಲಿ ಇಲ್ಲ. ಇದ್ದರೂ ಥಂಡರ್‌ಬೋಲ್ಟ್ 4ರ ವೇಗ ಸೆಕೆಂಡಿಗೆ 40 ಗಿಗಾಬಿಟ್, ಡೆಸ್ಕ್‌ಟಾಪ್ ಸ್ಲಾಟಿನಲ್ಲಿ ಅದರ ಹಲವು ಪಟ್ಟು ಇರುತ್ತದೆ, ಹಾಗಾಗಿ ಕಾರ್ಡಿನ ಪೂರ್ತಿ ಶಕ್ತಿ ಸಿಗಲ್ಲ. ಡಬ್ಬ, ಅದಕ್ಕೊಂದು ಪವರ್ ಸಪ್ಲೈ, ಅದರೊಳಗೆ ಕಾರ್ಡು ಅಂತ ಇಷ್ಟೆಲ್ಲ ಖರ್ಚು ಮಾಡುವವರು ಇನ್ನೊಂಚೂರು ಸೇರಿಸಿ ಡೆಸ್ಕ್‌ಟಾಪನ್ನೇ ಕಟ್ಟಿಸುವುದು ಮೇಲು.

ಹೆಸರಿನ ಆಟ ಬೇರೆ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಒಂದು ಮಾಡೆಲ್‌ನಲ್ಲಿ 115 ವ್ಯಾಟ್ ತಗೊಂಡರೆ ಇನ್ನೊಂದರಲ್ಲಿ ಅದರ ಅರ್ಧವೂ ಇರದಿರಬಹುದು, ಕೆಲಸವೂ ಹಾಗೇ. ಸ್ಟಿಕ್ಕರ್ ಮಾತ್ರ ಒಂದೇ. ಡೆಸ್ಕ್‌ಟಾಪಿನ 4090ರಲ್ಲಿ 24 ಜಿಬಿ ಮೆಮೊರಿ, ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ 16. ಆಮೇಲೆ ಬದಲಾಯಿಸಲು ಬರುವುದಿಲ್ಲ ಅಂದಮೇಲೆ ಈ ಅಂಕಿಗಳನ್ನು ಕೊಳ್ಳುವ ದಿನವೇ ಹೇಳಬೇಕು ತಾನೇ?

ರ‍್ಯಾಮ್ ಮತ್ತು ಎಸ್‌ಎಸ್‌ಡಿ ಆಮೇಲೆ ಹೆಚ್ಚಿಸಿಕೊಳ್ಳಬಹುದು ಅಂತ ಅಂಗಡಿಯವರು ಹೇಳಿದ್ದು ಸರಿಯಾಗೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಅವತ್ತೇ ಎಸ್‌ಪಿ ರೋಡಿನಲ್ಲಿ 8 ಜಿಬಿ ರ‍್ಯಾಮನ್ನು 16 ಮಾಡಿಸಿದೆವು, ಖಾಲಿ ಇದ್ದ ಸ್ಲಾಟಿಗೆ ಒಂದು ಎಸ್‌ಎಸ್‌ಡಿ ಹಾಕಿಸಿದೆವು, ಹತ್ತು ನಿಮಿಷದ ಕೆಲಸ. ಆದರೆ ಈಗಿನ ಕೆಲವು ತೆಳು ಮಾಡೆಲ್‌ಗಳಲ್ಲಿ ರ‍್ಯಾಮನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಅದನ್ನೂ ಕೇಳಿಕೊಂಡೇ ತಗೊಳ್ಳಿ.

ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂಕ ಅಂತ ತೋರಿಸಬೇಕು. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಒಳ್ಳೆಯದೇ. ಆದರೆ ಹಾಸನದ ಅಂಗಡಿಯಲ್ಲಿ ನಿಂತಿರುವ ಅಪ್ಪನಿಗೆ ಬೇಕಾದದ್ದು ಬೆಲೆ ಚೀಟಿಯ ಮೇಲೆ ಇನ್ನೊಂದೇ ಸಾಲು: ಗ್ರಾಫಿಕ್ಸ್ ಚಿಪ್ ಬದಲಾಯಿಸಲು ಬರುವುದಿಲ್ಲ, ಇಷ್ಟು ಜಿಬಿ, ಇಷ್ಟು ವ್ಯಾಟ್. ನಿಮ್ಮ ಪತ್ರಿಕೆ ಜಾಹೀರಾತಿನವರಿಗೂ ಇದನ್ನು ಹೇಳಲಿ.

ಈ ವರ್ಷ ತಂಗಿಯ ಮಗಳಿಗೆ ಲ್ಯಾಪ್‌ಟಾಪ್ ನೋಡಲು ಮತ್ತೆ ಒಂದು ಅಂಗಡಿಗೆ ಹೋಗಿದ್ದೆ. ಮತ್ತೆ ಅದೇ ಮಾತು ಬಂತು. ‘ಸರಿ ಕಣಪ್ಪ, ಬಿಲ್ಲಿನ ಮೇಲೆ ಬರೆದುಕೊಡು’ ಅಂದೆ. ಹುಡುಗ ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು, ‘ಹಾಗೆಲ್ಲ ಬರೆದುಕೊಡೋಕೆ ಆಗಲ್ಲ ಸರ್’ ಅಂದ.

ಇಂತಿ,
ನಿಮ್ಮ ಓದುಗ, ಹಾಸನ