ಉಸ್ತುವಾರಿ ಸಚಿವ ಸಾಹೇಬ್ರ, ಈ ಸಲ ಆಗಸ್ಟ್ 15ರ ಭಾಷಣ ಸ್ವಲ್ಪ ಬದಲಿ ಮಾಡ್ರಿ

ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವ ಸಾಹೇಬ್ರಿಗೆ ನಮಸ್ಕಾರ್ರಿ.

ಈ ಪತ್ರ ನಿಮ್ಮ ಪಿಎ ಕೈಯಾಗ ಕೊಟ್ರ ಯಾವುದೋ ಫೈಲ್ ಒಳಗ ಹೋಗಿ ಕೂಡ್ತೈತಿ ಅಂತ ಗೊತ್ತೈತಿ, ಅದಕ್ಕ ನಾಲ್ಕು ಮಂದಿ ಓದಲಿ ಅಂತ ಬಹಿರಂಗವಾಗೇ ಬರ್ಯಾಕತ್ತೀನಿ. ವಿಷಯ ಭಾಳ ದೊಡ್ಡದೇನಲ್ರಿ. ಆಗಸ್ಟ್ 15ಕ್ಕ ಧ್ವಜ ಹಾರಿಸಿದ ಮ್ಯಾಲ ನೀವು ಓದೋ ಭಾಷಣದ ಬಗ್ಗೆ, ಮತ್ತ ಆ ದಿನ ದುಡಿಯೋರ ಪಗಾರದ ಬಗ್ಗೆ. ಎರಡಕ್ಕೂ ಸಂಬಂಧ ಐತಿ, ಹೇಳ್ತೀನಿ.

ನಾನು ಸರಕಾರಿ ಸಾಲ್ಯಾಗ ಅತಿಥಿ ಶಿಕ್ಷಕಿ. ಹುಡುಗ್ರನ್ನ ಸಾಲು ಹಚ್ಚಿ ಮೈದಾನಕ್ಕ ಕರ್ಕೊಂಡು ಬರೋ ಡ್ಯೂಟಿ ಕಾಯಂ ಮೇಷ್ಟ್ರಿಗೆ ಏನೋ ಕೆಲಸ ಬಂತು ಅಂದ್ರ ನಮ್ಮಂಥವರ ಪಾಲಿಗೇ ಬರ್ತೈತಿ, ಹಂಗಾಗಿ ನಿಮ್ಮದೂ ನಿಮಗಿಂತ ಮೊದಲಿದ್ದವರದೂ ಭಾಷಣ ಪೂರ್ತಿ ಕೇಳಿದಾಕಿ ನಾನು. ಸಚಿವರು ಬದಲಾಗ್ತಾರ, ಪಕ್ಷ ಬದಲಾಗ್ತೈತಿ, ಭಾಷಣ ಮಾತ್ರ ಅದ. ಮೊದಲನೇ ಪುಟದಾಗ ಚೆನ್ನಮ್ಮ, ರಾಯಣ್ಣ, ಗಾಂಧೀಜಿ, ನೆಹರು, ಸುಭಾಷ್, ಅಂಬೇಡ್ಕರ್ ಎಲ್ಲಾರೂ ಒಂದ ಉಸುರಿನಾಗ ಮುಗೀತಾರ, ಎರಡನೇ ಪುಟದಿಂದ ಯಾವ ಇಲಾಖೆಗೆ ಎಷ್ಟು ಕೋಟಿ, ಎಷ್ಟು ಕಿಲೋಮೀಟರ್ ರಸ್ತೆ, ಎಷ್ಟು ಫಲಾನುಭವಿಗಳು. ಅದು ಇಲಾಖೆಗಳ ಪ್ರಗತಿ ನೋಡೋ ಕೆಡಿಪಿ ಸಭಾದಾಗ ಓದೋ ವರದಿ ಸಾಹೇಬ್ರ, ಶ್ರಾವಣದ ಜಿಟಿಜಿಟಿ ಮಳ್ಯಾಗ ಬಿಳಿ ಬೂಟು ಕೆಸರು ಮಾಡ್ಕೊಂಡು ನಿಂತ ಐದನೇ ಇಯತ್ತೆ ಹುಡುಗ್ರ ಮುಂದ ಓದೋದಲ್ಲ.

ಮತ್ತ ಆ ಭಾಷಣದಾಗ ಒಂದು ಮಾತು ತಪ್ಪದ ಬರ್ತೈತಿ: "ಇಡೀ ದೇಶ ಇಂದು ಒಂದಾಗಿ ಸಂಭ್ರಮಿಸುತ್ತಿದೆ." ಒಂದಾಗಿ ಅನ್ನೋದು ಚಲೋ ಆಸೆ, ಅದಕ್ಕ ನನ್ನದೇನೂ ತಕರಾರಿಲ್ಲ. ಆದ್ರ ನಿಮ್ಮ ಜಿಲ್ಲಾದಾಗ ಆ ದಿನ ಯಾರ್ಯಾರಿಗೆ ಏನೇನು ಅಂತ ಒಮ್ಮೆ ನೋಡ್ರಿ.

ಹಳ್ಳ್ಯಾಗ ಕೇಳ್ರಿ, ಭಾಳ ಮಂದಿಗೆ ಅದು ಮೊದಲು ರಾಯಣ್ಣನ ದಿನ. ಹುಟ್ಟಿದ್ದು ಆಗಸ್ಟ್ 15, ನಂದಗಡದಾಗ ಗಲ್ಲಿಗೆ ಹೋಗಿದ್ದು 1831ರ ಜನವರಿ 26. ನಮ್ಮ ಕಡೆ ಸಣ್ಣ ಹುಡುಗ್ರಿಗೂ ಈ ಎರಡು ತಾರೀಖು ಬಾಯಿಪಾಠ. ದಿಲ್ಲಿಯವರು ರಾಯಣ್ಣನ್ನ ನೋಡೇ ತಾರೀಖು ಇಟ್ಟಾರ ಅಂತ ವಾದ ಮಾಡೋ ಅಜ್ಜಂದಿರೂ ಅದಾರ, ಅವರ ಜೋಡಿ ವಾದಕ್ಕ ಇಳೀಬ್ಯಾಡ್ರಿ, ಗೆಲ್ಲಂಗಿಲ್ಲ ನೀವು.

ನಮ್ಮವ್ವನ ತವರು ಕೊಪ್ಪಳ ಕಡೆ. ಅವರ ಮನ್ಯಾಗ ಆಗಸ್ಟ್ 15 ಅಂದ್ರ ಒಂಥರಾ ಪಕ್ಕದ ಮನಿ ಹಬ್ಬ. ಯಾಕಂದ್ರ 1947ರಾಗ ಗದಗಿನ ಈ ಕಡೆ ಮುಂಬೈ ಪ್ರಾಂತ್ಯ, ಆ ಕಡೆ ನಿಜಾಮ. ಇಲ್ಲಿ ಧ್ವಜ ಹಾರಿಸಿ ಸಿಹಿ ಹಂಚಾಕತ್ತಾಗ ಅಲ್ಲಿ ಅದ ಧ್ವಜ ಹಾರಿಸಿದ್ರ ಜೈಲು. ನಿಜಾಮನ ಪರ ಇದ್ದ ರಜಾಕಾರರ ಕಾಟಕ್ಕ ಹೆಂಗಸ್ರು ಮಕ್ಕಳನ್ನ ಕಟ್ಕೊಂಡು ಗಡಿ ದಾಟಿ ಈ ಕಡೆ ಬಂದು ಕುಂತಿದ್ರು, ಮುಂಡರಗಿ ಶಿಬಿರದಿಂದ ಹುಡುಗ್ರು ಹೋರಾಟಕ್ಕ ಹೋಗ್ತಿದ್ರು. ಅವರಿಗೆ ಸ್ವಾತಂತ್ರ್ಯ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕ, ಒಂದು ವರ್ಷ ಮ್ಯಾಲ ಒಂದು ತಿಂಗಳು ತಡ. ಇವತ್ತಿಗೂ ಅವ್ವನ ತಮ್ಮ ಆಗಸ್ಟ್‌ನಾಗ ಫೋನ್ ಮಾಡಿದ್ರ "ನಿಮ್ಮ ಹಬ್ಬ ಆತೇನವಾ, ನಮ್ಮದು ಮುಂದಿನ ತಿಂಗಳು" ಅಂತ ನಗ್ತಾನ. ಹುಬ್ಬಳ್ಳಿಗೆ ದುಡಿಯಾಕ ಬಂದ ಕೊಪ್ಪಳ ರಾಯಚೂರಿನ ಮಂದಿ ಎಷ್ಟದಾರ ಅಂತ ನಿಮಗ ಗೊತ್ತೇ ಐತಿ, ಓಟು ಕೇಳಾಕ ಹೋಗಿರ್ತೀರಿ.

ಇನ್ನು ಹುಬ್ಬಳ್ಳಿ ಸೆಟ್ಲಮೆಂಟ್. ಹೆಸರು ಹಂಗೇ ಉಳದೈತಿ, ಯಾಕ ಆ ಹೆಸರು ಅಂತ ನಮ್ಮ ಸಾಲಿ ಹುಡುಗ್ರನ್ನ ಕೇಳಿದ್ರ ಒಬ್ಬರಿಗೂ ಗೊತ್ತಿಲ್ಲ. 1871ರಾಗ ಬ್ರಿಟಿಷರು ಒಂದು ಕಾಯ್ದೆ ತಂದು ಕೆಲವು ಜಾತಿಗಳನ್ನ ಹುಟ್ಟಾನೇ ಅಪರಾಧಿಗಳು ಅಂತ ಬರದಿಟ್ರು, ಬರಬರ್ತಾ ಅವರನ್ನ ಸೆಟ್ಲಮೆಂಟ್ ಅನ್ನೋ ಬೇಲಿ ಒಳಗ ಇಟ್ಟು ಹಾಜರಿ ತಗೊಳ್ಳೋದು, ಪಾಸ್ ಇಲ್ಲದ ಹೊರಗ ಬಿಡಲಾರದ್ದು ಶುರು ಆತು. ಇಡೀ ದೇಶದಾಗ ಆ ಕಾಯ್ದೆ ಹೋಗಿದ್ದು 1952ರ ಆಗಸ್ಟ್ 31ಕ್ಕ. ಅಂದ್ರ ಕೆಂಪು ಕೋಟೆ ಮ್ಯಾಲ ಧ್ವಜ ಏರಿ ಐದು ವರ್ಷ ಆದ ಮ್ಯಾಲ. ಅದಕ್ಕ ಅಲೆಮಾರಿ, ವಿಮುಕ್ತ ಸಮುದಾಯದವರು ಆಗಸ್ಟ್ 31ನ್ನ ವಿಮುಕ್ತ ದಿನ ಅಂತ ಮಾಡ್ತಾರ. ಅದು ಸಣ್ಣ ಹಾಲ್‌ನಾಗ ನಡೀತೈತಿ, ಪೊಲೀಸ್ ಬ್ಯಾಂಡು, ಪಥಸಂಚಲನ ಏನೂ ಇರಂಗಿಲ್ಲ. ಒಂದು ಸಲಾನಾದ್ರೂ ನೀವು ಹೋಗಿ ಬರ್ರಿ, ಹಾರ ಇಲ್ಲದಿದ್ರೂ ಚಾ ಸಿಗ್ತೈತಿ.

ಇನ್ನೊಂದು, ಹೇಳ್ಬೇಕೋ ಬ್ಯಾಡೋ ಅಂತ ವಿಚಾರ ಮಾಡಿದೆ, ಆದ್ರ ಹುಬ್ಬಳ್ಳ್ಯಾಗ ವಯಸ್ಸಾದವರ ಮುಂದ ಆಗಸ್ಟ್ 15 ಅಂದ್ರ ಮಾತು ಹೊರಳಿ ಅಲ್ಲಿಗೇ ಬರ್ತೈತಿ. 1994. ಈದ್ಗಾ ಮೈದಾನದಾಗ ಧ್ವಜ ಹಾರಿಸೋ ಗಲಾಟೆ, ಕರ್ಫ್ಯೂ, ಗೋಲಿಬಾರ್. ಮಂದಿ ಸತ್ರು. ಆ ಮೈದಾನ ಪಾಲಿಕೇದು ಅಂತ 2010ರಾಗ ಸುಪ್ರೀಂ ಕೋರ್ಟ್ ಹೇಳಿ ಕೇಸ್ ಮುಗಿಸಿತು, ಆದ್ರ ಮನಿ ಮಂದಿನ್ನ ಕಳ್ಕೊಂಡವರಿಗೆ ಆ ತಾರೀಖು ಏನು ಅಂತ ಯಾವ ಕೋರ್ಟೂ ಹೇಳಂಗಿಲ್ಲ, ಎರಡೂ ಕಡೆ ಪಕ್ಷದವರು ಆ ದಿನಾನ ಹರಾಜಿಗೆ ಇಟ್ಟಾಗಂತೂ ಅವರ ನೆನಪೇ ಯಾರಿಗೂ ಇರಂಗಿಲ್ಲ. ಅದನ್ನ ಭಾಷಣದಾಗ ತರ್ರಿ ಅಂತ ನಾನು ಹೇಳಾಕತ್ತಿಲ್ಲ. ಒಂದಾಗಿ ಸಂಭ್ರಮ ಅನ್ನೋ ಮುಂದ ಒಂದು ಕ್ಷಣ ನೆನಸ್ರಿ ಅಷ್ಟ.

ಇನ್ನ ನಮ್ಮ ಹುಬ್ಬಳ್ಳಿ ಬೆಂಗೇರಿಗೆ ಬರ್ತೀನಿ, ಯಾಕಂದ್ರ ನೀವು ಹಗ್ಗ ಜಗ್ಗಿದಾಗ ಬಿಚ್ಚಿಕೊಳ್ಳೋ ಧ್ವಜದ ಊರದು. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, ಶುರು ಆಗಿದ್ದು 1957ಕ್ಕ. ಬಾಗಲಕೋಟ ಕಡೆ ತುಳಸಿಗೇರ್ಯಾಗ ನೇಯ್ದ ಬಟ್ಟಿ ಇಲ್ಲಿಗೆ ಬಂದು, ಬಣ್ಣ ಆಗಿ, ಕತ್ತರಿಸಿ, ಹೊಲಿಗೆ ಬೀಳ್ತೈತಿ. ದುಡಿಯೋರು ಹೆಚ್ಚಾಗಿ ಹೆಣ್ಣುಮಕ್ಕಳೇ. ಒಮ್ಮೆ ಹುಡುಗ್ರನ್ನ ಕರ್ಕೊಂಡು ನೋಡಾಕ ಹೋಗಿದ್ದೆ. ಅಲ್ಲೊಬ್ಬ ಅಕ್ಕ ಅಶೋಕ ಚಕ್ರ ಬಿದ್ದ ಬಿಳಿ ಪಟ್ಟಿನ್ನ ಬೆಳಕಿಗೆ ಹಿಡಿದು ತೋರಿಸಿದ್ಲು, ಚಕ್ರ ಎರಡೂ ಮಗ್ಗಲು ಪ್ರಿಂಟ್ ಆಗಿರ್ತೈತಿ, ಈ ಕಡೇದು ಆ ಕಡೇದು ಒಂದರ ಮ್ಯಾಲ ಒಂದು ಸರಿ ಕೂಡಬೇಕು, 24 ಗೆರಿಯೊಳಗ ಒಂದು ಗೆರಿ ಸರದಿದ್ರೂ ನಡಿಯಂಗಿಲ್ಲ. ಉದ್ದ ಅಗಲ 3ಕ್ಕ 2 ಇರಲೇಬೇಕು, ಕೇಸರಿ ಬಿಳಿ ಹಸಿರು ಮೂರೂ ಪಟ್ಟಿ ಒಂದ ಅಳತಿ. ದೊಡ್ಡ ಧ್ವಜ 21 ಅಡಿ ಉದ್ದ 14 ಅಡಿ ಅಗಲ, ಅದನ್ನ ಹೊಲಿಯೋ ಮುಂದ ಮಷಿನ್ ಸುತ್ತ ನೆಲದ ತುಂಬ ಬಟ್ಟಿ. "ತಪ್ಪಿದ್ರ ನಮ್ಮ ತಲಿಗೇ ಬರ್ತೈತ್ರಿ ಟೀಚರ್" ಅಂದ್ಲು. ಭಾರತದ ಮಾನಕ ಪಟ್ಟಿಯೊಳಗ ಐಎಸ್ 1, ಅಂದ್ರ ಒಂದನೇ ನಂಬರ್, ಧ್ವಜಕ್ಕೇ ಕೊಟ್ಟಾರ ಅಂತ ನಮ್ಮ ಹುಡುಗ್ರಿಗೆ ಅವತ್ತೇ ಗೊತ್ತಾಗಿದ್ದು.

ಅಷ್ಟು ಕಟ್ಟುನಿಟ್ಟು ಇಟ್ಟವರು 2021ರ ಡಿಸೆಂಬರ್ 30ಕ್ಕ ಧ್ವಜ ಸಂಹಿತೆ ತಿದ್ದಿ ಪಾಲಿಸ್ಟರ್‌ದೂ ನಡೀತೈತಿ, ಮಷಿನ್‌ದೂ ನಡೀತೈತಿ ಅಂದ್ರು. ಮುಂದಿನ ಆಗಸ್ಟ್‌ಗೆ ಮನಿಮನಿಗೆ ಧ್ವಜ ಬಂತು, ಸಂತೋಷ, ನಮ್ಮ ಓಣಿ ತುಂಬ ಹಾರಿದ್ವು. ಆದ್ರ ಬೆಂಗೇರಿಯವರು ಬೀದಿಗೆ ಇಳಿದು ವಿರೋಧ ಮಾಡಿದ್ರು, ಆರ್ಡರ್ ಕಡಿಮಿ ಆದ್ವು ಅಂತ ಸಂಘದವರೇ ಹೇಳ್ಯಾರ. ಆರ್ಡರ್ ಇಲ್ಲ ಅಂದ್ರ ಹೊಲಿಯೋರಿಗೆ ಕೆಲಸ ಇಲ್ಲ. ಆ ಅಕ್ಕಂಗ ಆಗಸ್ಟ್ 15 ಅಂದ್ರ ಹಿಂದ ಸೀಸನ್ನು, ಈಗ ಆರ್ಡರ್ ಬಂತೋ ಇಲ್ಲೋ ಅಂತ ಕಾಯೋ ತಿಂಗಳು.

ಅಗ್ಗದ ಧ್ವಜಗಳ ಕತಿ 16ನೇ ತಾರೀಖು ನೋಡ್ರಿ. ನಮ್ಮ ಓಣಿ ಗುಡಿಸೋಕೆ ಬರೋ ಅವ್ವ ಗಟಾರದ ದಂಡಿಗೆ, ಆಟೋ ಸ್ಟ್ಯಾಂಡಿನ ಕೆಳಗ ಬಿದ್ದವನ್ನೆಲ್ಲಾ ಒಂದೊಂದೇ ಆರಿಸಿ, ಕಡ್ಡಿ ಕಿತ್ತು, ಕೆಸರು ತನ್ನ ಸೆರಗಿಗೆ ಒರಸಿ, ಒಂದು ಹಳೇ ಚೀಲದಾಗ ಹಾಕಿ ಗಾಡಿ ಹಿಡಿಕಿಗೆ ಕಟ್ತಾಳ. ಕಸದ ಜೋಡಿ ಕೂಡಸಂಗಿಲ್ಲ. ಯಾರೂ ಆಕಿಗೆ ಹೇಳಿಕೊಟ್ಟಿಲ್ಲ. ಹರಿದ ಧ್ವಜಾನ ಮರ್ಯಾದಿಯಿಂದ, ನಾಲ್ಕು ಮಂದಿ ಕಾಣಲಾರದಂಗ ಸುಟ್ಟೋ ಇನ್ನೊಂದು ರೀತಿಲೋ ವಿಲೇವಾರಿ ಮಾಡಬೇಕು ಅಂತ ಸಂಹಿತೆಯೊಳಗ ಐತಿ, ಆಕಿ ಅದನ್ನ ಓದ್ಯಾಳೇನ್ರಿ? ಓದಿದವರೇ ಬೈಕಿಗೆ ಸಿಗಿಸಿ ಬೀಳಿಸಿ ಹೋಗಿರ್ತಾರ.

ಈಗ ಪಗಾರದ ಮಾತು. 15ಕ್ಕ ರಜಾ ಯಾರಿಗೆ? ಕಾಯಂ ನೌಕರರಿಗೆ ರಜಾನೂ ಐತಿ ಪಗಾರಾನೂ ಐತಿ, ಶುಕ್ರವಾರಾನೋ ಸೋಮವಾರಾನೋ ಬಂತಂದ್ರ ದಾಂಡೇಲಿಗೆ ಹೋಗಿಬರ್ತಾರ, ಹೋಗಲಿ, ಅದರಾಗ ತಪ್ಪೇನಿಲ್ಲ. ಅಮರಗೋಳ ಎಪಿಎಂಸಿ ಹಮಾಲರಿಗೆ ಮಾರ್ಕೆಟ್ ಬಂದ್ ಅಂದ್ರ ಆ ದಿನದ ಕೂಲಿನೂ ಬಂದ್. ಹೋಟೆಲ್ಲಿನಾಗ, ಪೆಟ್ರೋಲ್ ಬಂಕಿನಾಗ, ಮಾಲ್‌ನಾಗ ದುಡಿಯೋರಿಗೆ ದಿನಕ್ಕಿಂತ ಜಾಸ್ತಿ ಕೆಲಸ, ಯಾಕಂದ್ರ ಊರಿಗೆಲ್ಲಾ ರಜಾ ಐತಲ್ಲ. ನೀವು ನಿಂತು ಸೆಲ್ಯೂಟ್ ಹೊಡಿಯೋ ಮೈದಾನಕ್ಕ ಹಿಂದಿನ ರಾತ್ರಿ ಪೆಂಡಾಲ್ ಹಾಕಿ, ಖುರ್ಚಿ ಒರಸಿ, ಸುಣ್ಣದ ಗೆರಿ ಎಳೆದವರು ಕಾಂಟ್ರ್ಯಾಕ್ಟ್ ಮಂದಿ. ಧ್ವಜ ಏರೋ ಹೊತ್ತಿಗೆ ಅವರನ್ನ ಮೈದಾನದ ಹೊರಗ ಕಳಿಸಿರ್ತಾರ, ಪಾಸ್ ಇಲ್ಲ ಅಂತ.

ಕಾಯ್ದೆ ಇಲ್ಲ ಅಂತಲ್ಲ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಅಂತ 1963ರಿಂದ ನಮ್ಮ ರಾಜ್ಯದಾಗ ಐತಿ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2ಕ್ಕ ಪಗಾರ ಸಹಿತ ರಜಾ ಕೊಡಬೇಕು, ಆ ದಿನ ಕೆಲಸಕ್ಕ ಕರೆದ್ರ ಡಬಲ್ ಪಗಾರ ಕೊಡಬೇಕು, ಇಲ್ಲಾ ಆ ದಿನದ ಪಗಾರದ ಜೋಡಿ ಇನ್ನೊಂದು ದಿನ ರಜಾ ಕೊಡಬೇಕು. ನಮ್ಮ ಕಾಕಾನ ಮಗ ಒಂದು ಏಜೆನ್ಸಿ ಕಡೆಯಿಂದ ಸೆಕ್ಯೂರಿಟಿ ಕೆಲಸಕ್ಕ ಹೋಗ್ತಾನ. ಮಸ್ಟರ್‌ನಾಗ 15ರ ಮುಂದ ಹಾಜರಿ ಐತಿ, ಪಗಾರ ಚೀಟ್ಯಾಗ ಸಾದಾ ಒಂದು ದಿನದ ರೊಕ್ಕ. ಬದಲಿ ರಜಾ ಕೇಳಿದ್ರ "ದೇಶಕ್ಕಾಗಿ ಅಷ್ಟೂ ಮಾಡಂಗಿಲ್ಲೇನೋ" ಅಂದ್ನಂತ ಸೂಪರ್‌ವೈಸರ್. ದೇಶಭಕ್ತಿ ಹಿಂಗ ಬಡವರ ಪಗಾರದಾಗ ಮುರ್ಕೊಳ್ಳೋದು ನನಗ ಭಾಳ ಸಿಟ್ಟು ಬರಿಸ್ತೈತಿ.

ಅದಕ್ಕ ಸಾಹೇಬ್ರ, ಮುಂದಿನ ಕೆಡಿಪಿ ಸಭಾಕ್ಕ ನೀವೇ ಅಧ್ಯಕ್ಷರು, ಕಾರ್ಮಿಕ ಅಧಿಕಾರಿಗಳು ಎದುರಿಗೇ ಕುಂತಿರ್ತಾರ. ಆಗಸ್ಟ್ 15ರ ಮಸ್ಟರು, ಆಗಸ್ಟ್ ತಿಂಗಳ ಪಗಾರದ ಪಟ್ಟಿ ಎರಡೂ ಜೋಡಿಸಿ ನೋಡ್ರಿ ಅಂತ ಒಂದು ಮಾತು ಹೇಳ್ರಿ. ಎಲ್ಲಾ ಕಡೆ ಬ್ಯಾಡ, ಸರಕಾರಿ ಕಚೇರಿಗೆ ಮಂದಿನ್ನ ಕೊಡೋ ಏಜೆನ್ಸಿಗಳಿಂದ ಶುರು ಮಾಡ್ರಿ, ಮೈದಾನದ ಪೆಂಡಾಲ್ ಗುತ್ತಿಗೆದಾರನೂ ಬರಲಿ ಆ ಲೆಕ್ಕಕ್ಕ. ಟೆಂಡರ್‌ನಾಗೇ ಈ ಶರತ್ತು ಬರೆಸಿಬಿಟ್ರ ವರ್ಷಾ ವರ್ಷಾ ಕೇಳೋ ತಾಪತ್ರಯ ಇಲ್ಲ. ಪೌರಕಾರ್ಮಿಕರಿಗೆ ಸ್ಟೇಜ್ ಮ್ಯಾಲ ಶಾಲು ಹೊದಿಸಿ ಫೋಟೋ ತೆಗಸೋದು ಆಮೇಲೆ ನೋಡೋಣಂತ, ಮೊದಲು ರೊಕ್ಕ. ಜಿಲ್ಲಾದಾಗಿನ ಸರಕಾರಿ ಕಚೇರಿ, ಸಾಲಿ ಎಲ್ಲಾ ಬೆಂಗೇರಿ ಖಾದಿ ಧ್ವಜಾನೇ ತಗೊಳ್ಳೋಹಂಗ ಒಂದು ಆದೇಶ ಆದ್ರ ಇನ್ನೂ ಚಲೋ, ಊರಾಗ ಧ್ವಜ ಮಾಡೋರು ಇದ್ದು ಪಾಲಿಸ್ಟರ್ ಧ್ವಜಕ್ಕ ಸೂರತ್ ಕಡೆ ನೋಡೋದು ಯಾಕ?

ಭಾಷಣ ಬರೆದುಕೊಡೋ ಅಧಿಕಾರಿಗೂ ಹೇಳ್ರಿ, ಕೋಟಿ ಲೆಕ್ಕ ಒಂದು ಪುಟಕ್ಕ ಇಳಿಸಿದ್ರ ಜಾಗ ಆಗ್ತೈತಿ. 1942ರ ಚಳವಳ್ಯಾಗ ಹುಬ್ಬಳ್ಳ್ಯಾಗೇ ಪೊಲೀಸರ ಗುಂಡಿಗೆ ಬಿದ್ದ ನಾರಾಯಣ ಡೋಣಿ ಸಾಲಿ ಹುಡುಗ, ನಿಮ್ಮ ಮುಂದ ಸಾಲಾಗಿ ನಿಂತವರ ವಯಸ್ಸೇ. ಅವನ ಹೆಸರು ಹೇಳಿದ್ರ ಹಿಂದಿನ ಸಾಲಿನಾಗ ಪಿಸಿಪಿಸಿ ಮಾತಾಡೋ ಹುಡುಗ್ರೂ ಕಿವಿ ಕೊಡ್ತಾರ, ಇದು ನನ್ನ ಗ್ಯಾರಂಟಿ. ಸೆಟ್ಲಮೆಂಟಿನ ಕತಿ ಹೇಳ್ರಿ, ಸೆಪ್ಟೆಂಬರ್ 17ರ ಕತಿ ಹೇಳ್ರಿ. ಬೆಂಗೇರಿ ಹೆಣ್ಣುಮಕ್ಕಳನ್ನ ಕರೆದು ಮುಂದಿನ ಖುರ್ಚಿಗೆ ಕೂಡಸ್ರಿ, ವಿಐಪಿ ಪಾಸು ಯಾರ್ಯಾರಿಗೋ ಹೋಗಿ ಅರ್ಧ ಖುರ್ಚಿ ಖಾಲಿನೇ ಇರ್ತಾವ ಹೆಂಗೂ.

ಮತ್ತ ಒಂಬತ್ತು ಅಂದ್ರ ಒಂಬತ್ತಕ್ಕ ಬರ್ರಿ. ಹುಡುಗ್ರು ಏಳಕ್ಕೇ ಬಂದಿರ್ತಾರ, ಹೆಣ್ಣು ಹುಡುಗ್ಯಾರಿಗೆ ಮೈದಾನದಾಗ ಒಂದು ಸರಿಯಾದ ಟಾಯ್ಲೆಟ್ ಇಲ್ಲ, ಅದನ್ನೂ ಈ ಸಲ ನೋಡ್ಸಿಬಿಡ್ರಿ. ಕೆಡಿಪಿ ಸಭಾದ ನಡಾವಳಿ ಹೊರಗ ಬಂದ ಮ್ಯಾಲ ಮಸ್ಟರ್ ವಿಷಯ ಐತೋ ಇಲ್ಲೋ ಅಂತ ನಾನು ಓದೇ ಓದ್ತೀನಿ. ಇಲ್ಲ ಅಂದ್ರ ಮಾಹಿತಿ ಹಕ್ಕಿನಾಗ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ.

ಇಂತಿ,
ನಿಮ್ಮ ಜಿಲ್ಲಾದ ಒಬ್ಬಾಕಿ ಅತಿಥಿ ಶಿಕ್ಷಕಿ