ಎರಡು ಬೋಟು, ಒಂದೇ ಎಂಜಿನ್: ಬಸೂಗೊಂದು ಪತ್ರ

ಪ್ರಿಯ ಬಸೂ,

ಯಾವುದು ತಗೊಳ್ಳಲಿ ಅಂತ ಕೇಳಿ ನೀನು ಕಳಿಸಿದ ಎರಡೂ ಬೋಟಿನ ಕಾಗದ ನೋಡಿದೆ. ಗೋವಾಕ್ಕೆ ಹೋಗಿ ಜುವಾರಿ ನದಿಯಲ್ಲಿ ಎರಡನ್ನೂ ಓಡಿಸಿ ಬಂದೆ. ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೀಲಿ ಬೋಟು ತಗೋ. ಬಿಳಿದು ನೋಡಲು ಚಂದ, ಓಡಿಸಲು ಇನ್ನೂ ಚಂದ. ಆದರೆ ನಮ್ಮ ಮುಂಡರಗಿ ಸೀಮೆಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆ ಅದು ಬೇಡ.

ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಬಿಳಿ ಬೋಟಿನ ಫೋಟೋ ಆಗಲೇ ನಿನ್ನ ಮೊಬೈಲಿನ ವಾಲ್‌ಪೇಪರ್ ಆಗಿದೆಯಂತೆ. ವೈನಿನೇ ಹೇಳಿದರು. ಆದರೂ ಪೂರ್ತಿ ಓದು.

ಕಾಗದದ ಮೇಲೆ ನೋಡಿದರೆ ಎರಡಕ್ಕೂ ಫರಕೇ ಇಲ್ಲ. ಎರಡೂ 16 ಅಡಿ, ಎರಡೂ ಫೈಬರ್, ಎರಡರಲ್ಲೂ ಆರು ಜನ ಕೂರಬಹುದು. ಹಿಂದೆ ಅದೇ ಮರ್ಕ್ಯುರಿ 60 ಎಚ್‌ಪಿ ಫೋರ್ ಸ್ಟ್ರೋಕ್: 995 ಸಿಸಿ, ನಾಲ್ಕು ಸಿಲಿಂಡರ್. ಬೆಲೆಯೂ ಹತ್ತಿರ ಹತ್ತಿರ. ಫರಕು ಇರುವುದು ನೀರಿನ ಕೆಳಗೆ. ಬಿಳಿ ಬೋಟಿನ ತಳ ಹಿಂಭಾಗದಲ್ಲಿ 20 ಡಿಗ್ರಿ ಕೋನದಲ್ಲಿದೆ, ಅಂದರೆ ಚೂಪಾದ ವಿ. ನೀಲಿದು 12 ಡಿಗ್ರಿ, ಸಾಕಷ್ಟು ಚಪ್ಪಟೆ. ಬ್ರೋಷರಿನಲ್ಲಿ ಇದು ಎಲ್ಲೋ ಕೊನೆಯ ಸಾಲಿನಲ್ಲಿ ಇರುತ್ತದೆ, ಯಾರೂ ಓದುವುದಿಲ್ಲ. ಓದಬೇಕಾದ್ದು ಅದೊಂದೇ ಸಾಲು.

ಬೆಳಿಗ್ಗೆ ನದಿ ಶಾಂತವಾಗಿತ್ತು. ಮೊದಲು ಬಿಳಿದನ್ನು ಹತ್ತಿದೆ. ಜೊತೆಗೆ ಮಾರುವವನ ಕಡೆಯ ಹುಡುಗ ಒಬ್ಬ. ಥ್ರಾಟಲ್ ಕೊಟ್ಟ ತಕ್ಷಣ ಮೂತಿ ಮೇಲೆದ್ದಿತು. ಸ್ವಲ್ಪ ಹೊತ್ತು ಮುಂದಿನದೇನೂ ಕಾಣಲಿಲ್ಲ. ಆಮೇಲೆ ಮೂತಿ ಇಳಿದು ಬೋಟು ನೀರಿನ ಮೇಲೆ ಜಾರತೊಡಗಿತು. ಇದಕ್ಕೆ ಪ್ಲೇನ್ ಆಗುವುದು ಅಂತಾರೆ. ಅಲ್ಲಿಯವರೆಗೆ ಬೋಟು ನೀರನ್ನು ತಳ್ಳಿಕೊಂಡು ಹೋಗುತ್ತಿರುತ್ತದೆ, ಪೆಟ್ರೋಲ್ ಸುಮ್ನೆ ಕುಡಿಯುತ್ತದೆ. ಚೂಪು ತಳ ನೀರಿನೊಳಗೆ ಆಳವಾಗಿ ಕೂರುವುದರಿಂದ ಅದನ್ನು ಮೇಲೆತ್ತಲು ಶಕ್ತಿ ಜಾಸ್ತಿ ಬೇಕು. ನೀಲಿ ಬೋಟು ಇದೇ ಎಂಜಿನ್ನಿನಲ್ಲಿ ಬೇಗ ಎದ್ದಿತು. ಥ್ರಾಟಲ್ ಇಳಿಸಿದ ಮೇಲೂ ಕಡಿಮೆ ವೇಗದಲ್ಲೇ ಪ್ಲೇನ್ ಹಿಡಿದುಕೊಂಡಿತು. ನಿನಗೆ ಬೇಕಾದ್ದು ಇದು. ಹಿನ್ನೀರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಯಾರೂ ಗಂಟೆಗೆ 50 ಕಿಲೋಮೀಟರ್ ಓಡಿಸುವುದಿಲ್ಲ.

ಈಗ ಆ 62ರ ವಿಷಯ. ಬಿಳಿ ಬೋಟು ಗಂಟೆಗೆ 62 ಕಿಲೋಮೀಟರ್ ಓಡುತ್ತದೆ ಅಂತ ಬ್ರೋಷರಿನಲ್ಲಿದೆ, ನೀನು ಅದನ್ನೇ ಹಿಡಿದುಕೊಂಡಿದ್ದೀಯ. ಸುಳ್ಳಲ್ಲ ಅದು. ಲೆಕ್ಕ ನೋಡು. ಆ ಬೋಟಿನ ಪ್ರೊಪೆಲರ್ ಪಿಚ್ 14 ಇಂಚು. ಅಂದರೆ ಒಂದು ಸುತ್ತಿಗೆ, ಲೆಕ್ಕದ ಪ್ರಕಾರ, 14 ಇಂಚು ಮುಂದೆ ಹೋಗಬೇಕು. ಈ ಎಂಜಿನ್ನಿನ ಗೇರ್ 1.83, ಎಂಜಿನ್ 1.83 ಸುತ್ತು ತಿರುಗಿದರೆ ಪ್ರೊಪೆಲರ್ ಒಂದು ಸುತ್ತು. 6,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ, ಪ್ರೊಪೆಲರ್ ನಿಮಿಷಕ್ಕೆ ಸುಮಾರು 3,280 ಸುತ್ತು. ಗುಣಿಸಿದರೆ ಗಂಟೆಗೆ ಹತ್ತಿರ ಹತ್ತಿರ 70 ಕಿಲೋಮೀಟರ್. ನೀರು ಗಟ್ಟಿ ಅಲ್ಲವಲ್ಲ, ಪ್ರೊಪೆಲರ್ ಸ್ವಲ್ಪ ಜಾರುತ್ತದೆ. ಹತ್ತು ಹನ್ನೊಂದು ಪರ್ಸೆಂಟ್ ಕಳೆದರೆ 62 ಬಂತು. ಆದರೆ ಅದಕ್ಕೆ ಎಂಜಿನ್ 6,000 ಮುಟ್ಟಬೇಕು. ಇಬ್ಬರೇ ಕೂತು, ಟ್ಯಾಂಕ್ ಅರ್ಧ ಖಾಲಿ ಇಟ್ಟುಕೊಂಡರೆ ಮುಟ್ಟುತ್ತದೆ.

ನಾನು ಆರು ಜನರನ್ನು ಕೂರಿಸಿದೆ. ಮಾರುವವನಿಗೆ ಇಷ್ಟವಿರಲಿಲ್ಲ, ಮುಖ ಒಂಥರಾ ಮಾಡಿದ. ದಡದಲ್ಲಿದ್ದ ನಾಲ್ಕು ಜನ ಮಾತ್ರ ಖುಷಿಯಿಂದ ಹತ್ತಿದರು. ಬಿಳಿ ಬೋಟು ಮೂತಿ ಎತ್ತಿದ್ದು ಇಳಿಸಲೇ ಇಲ್ಲ ಅನ್ನುವಷ್ಟು ಹೊತ್ತು ತಗೊಂಡಿತು. ಇಬ್ಬರನ್ನು ಮುಂದಿನ ಸೀಟಿಗೆ ಕಳಿಸಿದ ಮೇಲೆ ಸರಿಹೋಯಿತು. ಪೂರ್ತಿ ಥ್ರಾಟಲ್ ಕೊಟ್ಟರೂ ಎಂಜಿನ್ 5,200 ದಾಟಲಿಲ್ಲ. ಈ ಎಂಜಿನ್ನಿಗೆ ಕಂಪನಿ ಹೇಳುವುದು ಪೂರ್ತಿ ಥ್ರಾಟಲ್‌ನಲ್ಲಿ 5,500ರಿಂದ 6,000. ಅದಕ್ಕಿಂತ ಕೆಳಗೇ ಹೆಣಗುತ್ತಿದ್ದರೆ ಎಂಜಿನ್ ಮೇಲೆ ಭಾರ ಬೀಳುತ್ತಿದೆ ಅಂತ ಅರ್ಥ. ನನ್ನ ಗೋಕುಲ ರೋಡಿನ ವರ್ಕ್‌ಶಾಪಿಗೆ ಬರುವ ಎಷ್ಟೋ ಗಾಡಿಗಳದ್ದೂ ಇದೇ ಪಾಡು. ಟಾಪ್ ಗೇರಿನಲ್ಲೇ ಏರು ಹತ್ತಿಸಿ, ಆಮೇಲೆ ಎಂಜಿನ್ ಸರಿಯಿಲ್ಲ ಅಂತಾರೆ.

ಇದರ ಮೇಲೆ ನಮ್ಮ ಎತ್ತರ ಸೇರಿಸು. ಜುವಾರಿಯಲ್ಲಿ ನಾನಿದ್ದದ್ದು ಸಮುದ್ರ ಮಟ್ಟದಲ್ಲಿ. ಹಮ್ಮಿಗಿ ಸುಮಾರು 500 ಮೀಟರ್ ಮೇಲಿದೆ. ಪ್ರತಿ 300 ಮೀಟರಿಗೆ ಎಂಜಿನ್ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುತ್ತದಲ್ಲ. 60ರಲ್ಲಿ ಮೂರು ಎಚ್‌ಪಿ ಅಲ್ಲೇ ಹೋಯಿತು. ಏಪ್ರಿಲ್ ತಿಂಗಳ ಬಿಸಿಲು ಇನ್ನಷ್ಟು ತಿನ್ನುತ್ತದೆ. ಗೋವಾದಲ್ಲಿ ಕಷ್ಟಪಟ್ಟು ಎದ್ದ ಬೋಟು ಮುಂಡರಗಿ ಸೀಮೆಯಲ್ಲಿ ಏಳುತ್ತದಾ?

ಪಿಚ್ ಕಡಿಮೆ ಮಾಡಿದರೆ ಏಳುತ್ತದೆ, ನಿಜ. ಪಿಚ್ ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. 12 ಇಂಚಿನದು ಹಾಕಿದರೆ ಬಿಳಿ ಬೋಟು ಗೋವಾದಲ್ಲಿ 5,500 ಮುಟ್ಟೀತು. ಆದರೆ ಆಗ 62 ಎಲ್ಲಿ ಉಳಿಯಿತು? ನೀನು ಯಾವುದಕ್ಕೆ ಮರುಳಾಗಿದ್ದೆಯೋ ಅದೇ ಹೋಗುತ್ತದೆ. ನೀಲಿ ಬೋಟಿನಲ್ಲಿ 13 ಇಂಚು ಇದೆ, ಆರು ಜನ ಕೂತರೂ 5,500 ಮುಟ್ಟಿತು. ನಮ್ಮ ಕಡೆಗೆ ಅದನ್ನೂ 12 ಮಾಡಿಸು ಅಂತ ನನ್ನ ಸಲಹೆ. ಅಲ್ಯೂಮಿನಿಯಂದೇ ಇರಲಿ, ಸ್ಟೀಲ್ ಬೇಡ. ನೀರಿನೊಳಗಿನ ಮರದ ಬೊಡ್ಡೆಗೆ ತಾಗಿದರೆ ಅಲ್ಯೂಮಿನಿಯಂ ರೆಕ್ಕೆ ಮುರಿಯುತ್ತದೆ. ಸ್ಟೀಲ್ ಆದರೆ ಆ ಪೆಟ್ಟು ಒಳಗಿನ ಗೇರಿಗೆ ಹೋಗುತ್ತದೆ.

ತಿರುವಿನಲ್ಲಿ ಮಾತ್ರ ಬಿಳಿ ಬೋಟು ರಾಜ. ಸ್ಟೀರಿಂಗ್ ತಿರುಗಿಸಿದರೆ ಒಳಗಡೆ ವಾಲಿ ನೀರನ್ನು ಕಚ್ಚಿ ಹಿಡಿಯುತ್ತದೆ, ಒಂದು ಇಂಚು ಆಚೀಚೆ ಆಗುವುದಿಲ್ಲ. ನೀಲಿದು ಹೊರಗಡೆಗೆ ಜಾರುತ್ತದೆ. ಜೋರಾಗಿ ತಿರುಗಿಸಿದಾಗ ಪ್ರೊಪೆಲರ್‌ಗೆ ಗಾಳಿ ಸಿಕ್ಕಿ ಎಂಜಿನ್ ಕಿರುಚಿತು, ತಳ್ಳುವ ಶಕ್ತಿಯೇ ಹೋಯಿತು. ಟ್ರಿಮ್, ಅಂದರೆ ಎಂಜಿನ್ ವಾಲಿಸುವ ಕೋನ, ಪೂರ್ತಿ ಒಳಗೆ ತಂದು ಮತ್ತೆ ತಿರುಗಿಸಿದಾಗ ಪರವಾಗಿಲ್ಲ ಅನಿಸಿತು. ಎಂಜಿನ್ನನ್ನು ಬೋಲ್ಟಿನ ಒಂದು ತೂತಿನಷ್ಟು ಕೆಳಗಿಳಿಸಿದರೆ ಇನ್ನೂ ಸುಧಾರಿಸುತ್ತದೆ. ನಾನೇ ಬಂದು ಮಾಡಿಕೊಡುತ್ತೇನೆ.

ಮಧ್ಯಾಹ್ನ ಸಮುದ್ರದ ಗಾಳಿ ಶುರುವಾಯಿತು. ನದಿ ತುಂಬ ಸಣ್ಣ ಸಣ್ಣ ಅಲೆ. ನೀಲಿ ಬೋಟಿನಲ್ಲಿ ಕಲ್ಲು ಹಾದಿಯಲ್ಲಿ ಚಕ್ಕಡಿ ಹೊಡೆದ ಹಾಗಾಯಿತು, ಸೊಂಟ ಈಗಲೂ ನೋಯುತ್ತಿದೆ. ಬಿಳಿದು ಅಲೆಯನ್ನು ಸೀಳಿಕೊಂಡು ಮೆತ್ತಗೆ ಹೋಯಿತು. ನೀನು ಕಾರವಾರದಲ್ಲಿ ಇದ್ದಿದ್ದರೆ ಈ ಪತ್ರ ಉಲ್ಟಾ ಬರೆಯುತ್ತಿದ್ದೆ. ಹಮ್ಮಿಗಿಯಲ್ಲೂ ಗಾಳಿಗೆ ಅಲೆ ಏಳುತ್ತದೆ, ಇಲ್ಲ ಅನ್ನಲ್ಲ. ಆಗ ಥ್ರಾಟಲ್ ಇಳಿಸು, ಮುಗಿಯಿತು.

ಇನ್ನೊಂದು ಪರೀಕ್ಷೆ ಯಾರೂ ಮಾಡುವುದಿಲ್ಲ. ಎಂಜಿನ್ ಬಂದ್ ಮಾಡಿ ನೀರಿನ ಮಧ್ಯೆ ನಿಂತೆ. ಮೂವರನ್ನು ಒಂದೇ ಕಡೆ ಬರಲು ಹೇಳಿದೆ. ಬಿಳಿದು ಸಟ್ಟನೆ ವಾಲಿತು, ಒಬ್ಬ ಹೌಹಾರಿ ಕಂಬಿ ಹಿಡಿದ. ನೀಲಿದು ಸ್ವಲ್ಪ ಬಗ್ಗಿ ನಿಂತಿತು. ನಿನ್ನ ಬೋಟು ಅರ್ಧ ದಿನ ಹೀಗೆಯೇ ನಿಂತಿರುತ್ತದೆ. ಮಕ್ಕಳು ಹಕ್ಕಿ ನೋಡಲು ಒಂದೇ ಕಡೆ ಓಡುತ್ತಾರೆ, ಅವ್ವ ಬುತ್ತಿ ಬಿಚ್ಚುತ್ತಾರೆ. ಅವ್ವನಿಗೆ ಮೊದಲೇ ನೀರೆಂದರೆ ಭಯ, ಅಲ್ವಾ?

ನೀಲಿ ಬೋಟಿಗೆ ನೀರು ಕಡಿಮೆ ಇದ್ದರೂ ನಡೆಯುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಎಲ್ಲಿ ಬದು, ಎಲ್ಲಿ ಬೊಡ್ಡೆ ಅಂತ ಅಲ್ಲಿನ ಮೀನುಗಾರರನ್ನು ಕೇಳಿಯೇ ಹೋಗು. ಅಂತರಗಂಗೆ ಕಳೆ ಇದ್ದ ಕಡೆ ಹೋದರೆ ಎಂಜಿನ್ ಹಿಂದಿನಿಂದ ಸಣ್ಣಗೆ ಚಿಮ್ಮುವ ನೀರಿನ ಮೇಲೆ ಕಣ್ಣಿಡು. ಅದು ನಿಂತರೆ ಕೂಲಿಂಗ್ ನೀರು ಒಳಗೆ ಹೋಗುತ್ತಿಲ್ಲ ಅಂತ, ತಕ್ಷಣ ಬಂದ್ ಮಾಡು. ಗೋವಾದ ಬೋಟಾದ್ದರಿಂದ ಎಂಜಿನ್ನಿಗೆ ಉಪ್ಪುನೀರಿನ ಸತುವಿನ ಆನೋಡ್, ಅಂದರೆ ಎಂಜಿನ್ನಿನ ಬದಲು ತಾನು ಸವೆಯುವ ಲೋಹದ ತುಂಡು, ಇರಬಹುದು. ಸಿಹಿನೀರಿಗೆ ಸತು ಸರಿಯಾಗಿ ಕೆಲಸ ಮಾಡುವುದಿಲ್ಲ, ಅಲ್ಯೂಮಿನಿಯಂದು ಹಾಕಿಸು.

ಪೆಟ್ರೋಲ್ ಬಗ್ಗೆ ಕೇಳಿದ್ದೆ. ಪೂರ್ತಿ ಥ್ರಾಟಲ್‌ನಲ್ಲಿ ಎರಡೂ ಬೋಟು ಗಂಟೆಗೆ 20 ಲೀಟರ್ ದಾಟಿಸುತ್ತವೆ, ಎಂಜಿನ್ ಒಂದೇ ಅಲ್ವಾ. 4,000 ಆರ್‌ಪಿಎಂ ಹತ್ತಿರ ಓಡಿಸಿದರೆ ಅರ್ಧಕ್ಕೆ ಬರುತ್ತದೆ. ಆರು ಜನ ಇದ್ದಾಗ ನೀಲಿದು ಆ 4,000ದಲ್ಲಿ ಆರಾಮಾಗಿ ಪ್ಲೇನ್ ಆಗಿ ಹೋಗುತ್ತದೆ, ಬಿಳಿದು ಒದ್ದಾಡುತ್ತದೆ. ತಿಂಗಳ ಖರ್ಚಿನಲ್ಲಿ ಗೊತ್ತಾಗುವ ಫರಕು ಇದು.

ಕಾಗದಪತ್ರದ ಕೆಲಸ ಈಗಲೇ ಶುರು ಮಾಡು. 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ ಪ್ರಕಾರ ಎಂಜಿನ್ ಇರುವ ಬೋಟಿಗೆ ಸರ್ವೆ, ನೋಂದಣಿ ಎರಡೂ ಬೇಕು. ಬ್ಯಾರೇಜಿನ ನೀರಿಗೆ ಇಳಿಸಲು ಬ್ಯಾರೇಜು ನೋಡಿಕೊಳ್ಳುವವರ ಅನುಮತಿಯನ್ನೂ ಕೇಳಬೇಕು. ಲೈಫ್ ಜಾಕೆಟ್ ಮಕ್ಕಳ ಸೈಜಿನದು ಬೇರೆ ತಗೋ. ಕೆಂಪು ಹಗ್ಗದ ಕಿಲ್ ಸ್ವಿಚ್ ನಿನ್ನ ಕಾಲಿಗೋ ಜಾಕೆಟ್ಟಿಗೋ ಸಿಕ್ಕಿಸಿಕೊಳ್ಳದೆ ಎಂಜಿನ್ ಚಾಲೂ ಮಾಡಬೇಡ. ನೀನು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವುದು ಅದೊಂದೇ.

ಹಣ ಕೊಡುವ ಮುಂಚೆ ನೀನೂ ಒಮ್ಮೆ ಹೋಗು. ವೈನಿ, ಮಕ್ಕಳು, ಅವ್ವ ಎಲ್ಲರನ್ನೂ ಕರೆದುಕೊಂಡು ಹೋಗು. ಮೊಬೈಲ್ ಜಿಪಿಎಸ್ ಹಾಕಿ ನದಿಯ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆ, ಒಂದೇ ಕಡೆ ಓಡಿಸಿದರೆ ನೀರಿನ ಸೆಳೆತವೂ ನಂಬರಿನಲ್ಲಿ ಸೇರಿಬಿಡುತ್ತದೆ. ಟ್ರೇಲರಿನ ಬೇರಿಂಗ್ ಬಿಚ್ಚಿ ನೋಡದೆ ಘಟ್ಟ ಹತ್ತಿಸಬೇಡ. ಉಪ್ಪುನೀರಿನಲ್ಲಿ ಇಳಿದು ಇಳಿದು ಅವು ತುಕ್ಕು ಹಿಡಿದಿರುತ್ತವೆ. ಯಾವ ದಿನ ಹೊರಡುತ್ತೀ ಅಂತ ಫೋನ್ ಮಾಡು, ಗ್ರೀಸು, ಪಾನಾ ಎಲ್ಲ ತಗೊಂಡು ನಾನೂ ಬರುತ್ತೇನೆ.

ನಿನ್ನ,
ಮಂಜು
ಹುಬ್ಬಳ್ಳಿ