ಮಣ್ಣಿನ ಇಟ್ಟಿಗೆಗೂ ಬಿಲ್ ಆಗಲಿ: ತುಮಕೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಕುಣಿಗಲ್ ಕಡೆಯ ಗಾರೆ ಮೇಸ್ತ್ರಿ. ಸರ್ಕಾರದ ವಸತಿ ಯೋಜನೆಯ ಮನೆಗೆ ಸುಡದ ಮಣ್ಣಿನ ಇಟ್ಟಿಗೆ ಬಳಸಿದರೂ ಬಿಲ್ ಆಗಬೇಕು, ಅಂದರೆ ಹಣದ ಕಂತು ಬರಬೇಕು ಅಂತ ಕೇಳಲು ಈ ಪತ್ರ. ಆಶ್ರಯ ಮನೆ, ಬಸವ ವಸತಿ ಮನೆ, ಪ್ರಧಾನಮಂತ್ರಿ ಆವಾಸ್ ಮನೆ ಎಲ್ಲ ಕಟ್ಟಿದ್ದೇನೆ. ಯೋಜನೆಯ ಹೆಸರು ಬದಲಾಗುತ್ತದೆ, ಮನೆ ಅದೇ. ಸಿಮೆಂಟ್ ಬ್ಲಾಕ್ ಗೋಡೆ, ಒಂದು ಬಾಗಿಲು, ಅದರ ಪಕ್ಕದಲ್ಲೇ ಒಂದು ಕಿಟಕಿ, ಮೇಲೆ ಶೀಟು. ಕೈಯಲ್ಲಿ ಸ್ವಲ್ಪ ಕಾಸಿದ್ದವರು ಶೀಟಿನ ಬದಲು ಮೋಲ್ಡಿಂಗ್, ಅಂದರೆ ಕಾಂಕ್ರೀಟ್ ಛಾವಣಿ ಹಾಕಿಸುತ್ತಾರೆ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಇಂಥ ಮನೆಗೆ ಬನ್ನಿ. ಬಾಣಂತಿ ಮಗುವನ್ನು ಎತ್ತಿಕೊಂಡು ಹೊಂಗೆ ಮರದ ಕೆಳಗೆ ಕೂತಿರುತ್ತಾಳೆ. ಮೋಲ್ಡಿಂಗ್ ಮನೆಯಲ್ಲಿ ತೊಂದರೆ ರಾತ್ರಿ. ಹಗಲೆಲ್ಲ ಕಾದ ಕಾಂಕ್ರೀಟು ಹನ್ನೊಂದು ಗಂಟೆಯಾದರೂ ಕಾವು ಬಿಡುತ್ತಲೇ ಇರುತ್ತದೆ. ಎದುರು ಗೋಡೆಗೆ ಇನ್ನೊಂದು ಕಿಟಕಿ ಇಟ್ಟಿದ್ದರೂ ಗಾಳಿ ಆಡುತ್ತಿತ್ತು. ಎಸ್ಟಿಮೇಟಿನಲ್ಲಿ ಇಲ್ಲ.

ಇನ್ನು ಆಸ್ಬೆಸ್ಟಾಸ್ ಶೀಟು. ಅದನ್ನು ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರುವ ಅಪಾಯ ಇದೆ ಅಂತ ವೈದ್ಯಲೋಕ ಯಾವತ್ತೋ ಹೇಳಿದೆ. ನಮ್ಮ ಹುಡುಗರು ಬಾಯಿಗೊಂದು ಟವೆಲ್ ಸುತ್ತಿಕೊಂಡು ಕೊಯ್ಯುತ್ತಾರೆ, ಅಷ್ಟೇ.

ಇದಕ್ಕೆ ದಾರಿ ಹುಡುಕಲು ವಿದೇಶಕ್ಕೇನೂ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಶುರು ಮಾಡಿದರು. ಅವರ ವಿಜ್ಞಾನಿಗಳು ಹಳ್ಳಿಯ ಕೆಲಸಕ್ಕೆ ಬಂದು ಕೂತದ್ದು ನಮ್ಮ ತಾಲ್ಲೂಕಿನ ಉಂಗ್ರದಲ್ಲಿ. ಹೊಗೆ ಕಡಿಮೆ ಇರುವ ಅಸ್ತ್ರ ಒಲೆ ಹಿರಿಯ ಹೆಂಗಸರಿಗೆ ಇವತ್ತಿಗೂ ನೆನಪಿದೆ. ಪುರ ಊರಿನಲ್ಲಿ ಸಗಣಿ ಗ್ಯಾಸಿನಿಂದ ದೀಪ ಉರಿಸಿ, ಕುಡಿಯುವ ನೀರೆತ್ತಿದರು. ಅವರೇ ಸುಡದ ಮಣ್ಣಿನ ಇಟ್ಟಿಗೆಯನ್ನೂ ಪಳಗಿಸಿದರು.

ಅದರ ಕೆಲಸ ಹೀಗೆ. ಕೆಮ್ಮಣ್ಣು ಜರಡಿ ಹಿಡಿಯಬೇಕು. ಜಿಗುಟು ಜಾಸ್ತಿ ಇದ್ದರೆ ಮರಳೋ ಕ್ವಾರಿ ಡಸ್ಟೋ ಸೇರಿಸಬೇಕು. ನೂರಕ್ಕೆ ಆರೇಳು ಪಾಲು ಸಿಮೆಂಟು. ಕೈಯಲ್ಲೇ ಒತ್ತುವ ಯಂತ್ರಕ್ಕೆ ಹಾಕಿ ಒತ್ತಿ, ಮೂರು ವಾರ ನೀರು ಚಿಮುಕಿಸಿದರೆ ಇಟ್ಟಿಗೆ ರೆಡಿ. ಗೂಡು ಹಾಕುವುದೂ ಇಲ್ಲ, ಸೌದೆಯೂ ಬೇಡ. ಎರೆಮಣ್ಣಿಗೆ ಮಾತ್ರ ಇದು ಆಗಿಬರುವುದಿಲ್ಲ, ಬಿರುಕು ಬಿಡುತ್ತದೆ. ಪರೀಕ್ಷೆಗೆ ಲ್ಯಾಬೇ ಬೇಕು ಅಂತಿಲ್ಲ. ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ತಳಕ್ಕೆ ಇಳಿಯುತ್ತದೆ, ಜೇಡಿ ಮೇಲೆ ಕೂರುತ್ತದೆ. ಎಷ್ಟು ಪಾಲು ಏನಿದೆ ಅಂತ ಕಣ್ಣಿಗೇ ಕಾಣುತ್ತದೆ.

ಹಿಂದೊಮ್ಮೆ ಆವಾಸ್ ಮನೆಯೊಂದಕ್ಕೆ ಇದೇ ಇಟ್ಟಿಗೆ ಬಳಸೋಣ ಅಂತ ಮನೆಯವರನ್ನು ಒಪ್ಪಿಸಿದ್ದೆ. ಕಂತು ಬಿಡಿಸಲು ಮನೆಯ ಫೋಟೋ ಹೊಡೆಯಲು ಬಂದ ಸರ್ಕಾರದ ಕಡೆಯವರು, “ಮಣ್ಣಿನ ಗೋಡೆ ಅಂದ್ರೆ ಕಚ್ಚಾ ಮನೆ, ಬಿಲ್ ಆಗಲ್ಲ” ಅಂದರು. ಕಂತು ನಿಂತರೆ ಸಾಲವೇ ಗತಿ. ಮನೆಯವರು ಹೆದರಿ ಸಿಮೆಂಟ್ ಬ್ಲಾಕ್ ತರಿಸಿದರು. ಆವಾಸ್ ಮಾರ್ಗಸೂಚಿಯೇ ಆಯಾ ಊರಿನ ಸಾಮಗ್ರಿ, ಆಯಾ ಊರಿನ ವಿನ್ಯಾಸ ಬಳಸಿ ಅನ್ನುತ್ತದೆ. ಅದು ಕೆಳಗಿನವರೆಗೆ ಇಳಿದಿಲ್ಲ.

ಮುಂದಿನ ಕಾಲದ ಮನೆ ಬಗ್ಗೆ ದೊಡ್ಡವರೆಲ್ಲ ಮಾತಾಡುತ್ತಿದ್ದಾರೆ. ಗೋಡೆ, ಛಾವಣಿಯಿಂದ ಒಳಗೆ ಎಷ್ಟು ಕಾವು ಇಳಿಯಬಹುದು, ಕಿಟಕಿ ಎಷ್ಟು ತೆರೆಯಬೇಕು ಅಂತ ಕೇಂದ್ರ 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ತಂದಿತು. ಒಳ್ಳೆಯದೇ. ಆದರೆ ಅದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಆವಾಸ್ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಎಸಿ ಹಾಕಿಸುವ ಶಕ್ತಿ ಇದ್ದವರಿಗೆ ತಂಪಿನ ನಿಯಮ, ಇಲ್ಲದವರಿಗೆ ಶೀಟು. ಇದ್ಯಾವ ನ್ಯಾಯ? ಪಕ್ಕದ ತೆಲಂಗಾಣ 2023ರಲ್ಲೇ, ಬಿಸಿಲಿನ ಕಾವು ಹೆಚ್ಚು ಹೀರದ ಛಾವಣಿಗಾಗಿ ‘ತಂಪು ಛಾವಣಿ’ ನೀತಿ ತಂದಿದೆ. ನಮಗೆ ಸುಣ್ಣ ಬಳಿಯುವುದು ಹೊಸದೇನಲ್ಲ. ಮೋಲ್ಡಿಂಗ್ ಮೇಲೆ ಬಿಳಿ ಸುಣ್ಣ ಬಳಿದರೂ ಒಳಗೆ ಕಾವು ಕಡಿಮೆಯಾಗುತ್ತದೆ.

ನೀರಿನದ್ದೂ ಒಂದು ಲೆಕ್ಕ ಹೇಳಿಬಿಡುತ್ತೇನೆ. ಪಾವಗಡದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಕಾಟ ಎಷ್ಟು ಅಂತ ನಿಮಗೇ ಗೊತ್ತು. ಮಳೆ ನೀರಿಗೆ ಆ ಕಾಟ ಇಲ್ಲ. 25 ಚದರ ಮೀಟರ್ ಮೋಲ್ಡಿಂಗ್ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 12,500 ಲೀಟರ್. ಮೊದಲ ಮಳೆಯ ಕೊಳೆ, ಸೋರಿಕೆ ಕಳೆದರೂ 10,000. ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೆ 400 ದಿನದ ನೀರು. ಅಷ್ಟೂ ಹಿಡಿಯುವ ತೊಟ್ಟಿ ಬಡವನಿಗೆ ಆಗದ ಮಾತು, ಒಪ್ಪುತ್ತೇನೆ. ಮೂರು ಸಾವಿರ ಲೀಟರಿನದಾದರೂ ಎಸ್ಟಿಮೇಟಿಗೆ ಸೇರಲಿ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಈ ವಿಷಯ ಎತ್ತಿ. ಒತ್ತಿದ ಮಣ್ಣಿಟ್ಟಿಗೆ ಗೋಡೆ, ಎದುರುಬದುರು ಕಿಟಕಿ ಇರುವ ಮನೆಗೆ ಬಿಲ್ ತಡೆಯಬಾರದು ಅಂತ ಲಿಖಿತವಾಗಿ ಕಳಿಸಿ. ಬಾಯಿ ಮಾತು ಪಂಚಾಯಿತಿ ಬಾಗಿಲು ದಾಟುವುದಿಲ್ಲ. ಹೋಬಳಿಗೊಂದು ಒತ್ತುವ ಯಂತ್ರ ಕೊಡಿಸಿ, ಸ್ತ್ರೀಶಕ್ತಿ ಸಂಘದವರು ಬಾಡಿಗೆಗೆ ನಡೆಸಲಿ. ಹೊಸದಾಗಿ ಕಟ್ಟುವ ಅಂಗನವಾಡಿಗಳಲ್ಲಿ ಒಂದೆರಡನ್ನಾದರೂ ಈ ಇಟ್ಟಿಗೆಯಲ್ಲಿ ಕಟ್ಟಿಸಿ. ಸರ್ಕಾರವೇ ಕಟ್ಟಿದ್ದನ್ನು ನೋಡಿದರೆ ಜನ ನಂಬುತ್ತಾರೆ.

ಇಟ್ಟಿಗೆ ಒತ್ತಲು ಒಳ್ಳೆ ಕಾಲ ಮಳೆ ನಿಂತ ಮೇಲೆ. ಆದೇಶ ದೀಪಾವಳಿಯೊಳಗೆ ಬಂದರೆ ಈ ಸಲದ ಪಟ್ಟಿಯಲ್ಲಿರುವ ಮನೆಗಳಿಗೇ ಕೆಲಸ ಶುರು ಮಾಡಬಹುದು.

ಇಂತಿ ನಿಮ್ಮ,
ಕುಣಿಗಲ್ ತಾಲ್ಲೂಕಿನ ಒಬ್ಬ ಗಾರೆ ಮೇಸ್ತ್ರಿ